ಪೈಪು ಸರಿಯಾಗಿ ಸೇದಲು ಬಾರದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಬ್ರಯರ್ ಮರದ ತಂಬಾಕು ಪೈಪಿನಲ್ಲಿ ತಿರುಗುವ, ಸವೆಯುವ ಯಂತ್ರಭಾಗ ಒಂದೂ ಇಲ್ಲ. ಒಂದು ಗುಂಡಿ, ಅದರ ತಳದಲ್ಲಿ ಒಂದು ತೂತು, ತೂತಿನಿಂದ ಬಾಯಿಗೆ ಒಂದು ಕೊಳವೆ, ಅಷ್ಟೆ. ಹಾಗಿದ್ದೂ ಒಂದೇ ಅಂಗಡಿಯಲ್ಲಿ ಕೊಂಡ ಎರಡು ಪೈಪುಗಳಲ್ಲಿ ಒಂದು ತಣ್ಣಗೆ, ಒಣಗಿದ ಹೊಗೆ ಕೊಡುತ್ತದೆ, ಇನ್ನೊಂದು ಗೊರಗೊರ ಎನ್ನುತ್ತ ನಾಲಿಗೆ ಸುಡುತ್ತದೆ. ಈ ದೂರುಗಳ ಬುಡ ಹುಡುಕುತ್ತ ಹೋದರೆ ಹೆಚ್ಚಿನವು ಎರಡೇ ಕಡೆ ಹೋಗಿ ನಿಲ್ಲುತ್ತವೆ: ನೀರು ಮತ್ತು ಶಾಖ. ಮರದ್ದೇ ತಪ್ಪು ಇರುವುದು ಕಡಿಮೆ. ಆದ್ದರಿಂದ ತಪಾಸಣೆಯ ಕ್ರಮ ಹೀಗಿರಲಿ: ಮೊದಲು ತಂಬಾಕಿನ ತೇವ, ಆಮೇಲೆ ತುಂಬಿದ ರೀತಿ, ಸೇದುವ ವೇಗ, ಕೊಳವೆಯ ಕೊಳೆ, ಎಲ್ಲಕ್ಕಿಂತ ಕೊನೆಗೆ ಕೊರೆತದ ದೋಷ. ಮೊದಲಿನ ನಾಲ್ಕಕ್ಕೆ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಐದನೆಯದಕ್ಕೆ ಕೈ ಹಾಕಿದ ಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ.

ಹೆಸರುಗಳು ಗೊತ್ತಿರಲಿ. ತಂಬಾಕು ತುಂಬುವ ಭಾಗ ಬೌಲ್. ಅದರಿಂದ ಹೊರಟ ಮರದ ಕುತ್ತಿಗೆ ಶ್ಯಾಂಕ್. ಬಾಯಿಗೆ ಇಟ್ಟುಕೊಳ್ಳುವ ಕರಿಯ ಕೊಳವೆ ಸ್ಟೆಮ್. ಅದು ಎಬೊನೈಟ್ ಎಂಬ ಗಟ್ಟಿ ರಬ್ಬರಿನದಾಗಿರುತ್ತದೆ, ಇಲ್ಲವೇ ಅಕ್ರಿಲಿಕ್‌ನದು. ಸ್ಟೆಮ್‌ನ ತುದಿಯಲ್ಲಿ ಶ್ಯಾಂಕ್ ಒಳಗೆ ಕೂರುವ ಗೂಟಕ್ಕೆ ಟೆನನ್ ಎನ್ನುತ್ತಾರೆ. ಅದು ಕೂರುವ ಕುಳಿ ಮಾರ್ಟಿಸ್.

ಯಾವ ಸಲಹೆಯಿಂದಲೂ ಪೈಪು ನಿರಪಾಯಕಾರಿ ಆಗುವುದಿಲ್ಲ. ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಇಟ್ಟುಕೊಂಡು ಬಿಟ್ಟರೂ ತುಟಿ, ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಇದ್ದೇ ಇರುತ್ತದೆ. ಕರ್ನಾಟಕದಲ್ಲಿ 21 ವರ್ಷದೊಳಗಿನವರಿಗೆ ತಂಬಾಕು ಮಾರುವುದು ಕಾನೂನಿಗೆ ವಿರುದ್ಧ. ಬಿಡಬೇಕು ಅನ್ನಿಸಿದವರಿಗೆ 1800-11-2356 ಎಂಬ ಶುಲ್ಕವಿಲ್ಲದ ರಾಷ್ಟ್ರೀಯ ಸಹಾಯವಾಣಿ ಇದೆ. ಮುಂದಿನದೆಲ್ಲ ಈಗಾಗಲೇ ಪೈಪು ಸೇದುವ ವಯಸ್ಕರಿಗೆ.

ಮೊದಲು ಎರಡು ನಿಮಿಷದ ತಪಾಸಣೆ

ಲಕ್ಷಣ ಯಾವುದೇ ಇರಲಿ, ಪೈಪು ಪೂರ್ತಿ ತಣ್ಣಗಿರುವಾಗ, ಬೌಲ್ ಖಾಲಿ ಇರುವಾಗ ಮೂರು ಪರೀಕ್ಷೆ ಮಾಡಿ.

1. ಸ್ಟೆಮ್ ಕಳಚದೆ ಒಂದು ಪೈಪ್ ಕ್ಲೀನರನ್ನು, ಅಂದರೆ ನೂಲು ಸುತ್ತಿದ ತೆಳು ತಂತಿಯನ್ನು, ಬಾಯಿ ಕಡೆಯಿಂದ ತೂರಿಸಿ. ಅದು ಎಲ್ಲೂ ಎಡವದೆ ಬೌಲಿನ ತಳದಲ್ಲಿ ತಲೆ ತೋರಿಸಬೇಕು. ಎಡವಿದರೆ, ಎಡವಿದ ಜಾಗದಲ್ಲಿ ಕ್ಲೀನರನ್ನು ಬೆರಳಲ್ಲಿ ಹಿಡಿದು ಹೊರತೆಗೆದು ಪೈಪಿನ ಪಕ್ಕ ಇಟ್ಟು ನೋಡಿ. ಅಡ್ಡಿ ಸ್ಟೆಮ್‌ನಲ್ಲಿದೆಯೋ ಕೂಡುವ ಜಾಗದಲ್ಲಿದೆಯೋ ಶ್ಯಾಂಕ್‌ನಲ್ಲಿದೆಯೋ ಅಲ್ಲೇ ತಿಳಿಯುತ್ತದೆ.

2. ಖಾಲಿ ಪೈಪನ್ನು ಎಳೆಯಿರಿ. ಉಸಿರು ಸದ್ದಿಲ್ಲದೆ ಬರಬೇಕು. ಸಿಳ್ಳೆಯಂಥ ಸದ್ದು ಬಂದರೆ ಕೊಳವೆ ಎಲ್ಲೋ ಇಕ್ಕಟ್ಟಾಗಿದೆ, ಅಥವಾ ಒಂದು ತೂತು ಇನ್ನೊಂದಕ್ಕೆ ನೇರವಾಗಿ ಕೂತಿಲ್ಲ.

3. ಬೌಲಿನ ಬಾಯನ್ನು ಅಂಗೈಯಿಂದ ಮುಚ್ಚಿ ಎಳೆಯಿರಿ. ಗಾಳಿ ಬರಲೇಬಾರದು. ಬಂದರೆ ಸ್ಟೆಮ್ ಕೂಡುವಲ್ಲಿ ಸಂದಿ ಇದೆ, ಇಲ್ಲವೇ ಎಲ್ಲೋ ಬಿರುಕು.

ಗೊರಗೊರ ಸದ್ದು, ಬಾಯಿಗೆ ಕಹಿ ನೀರು

ಗುಡುಗುಡಿಯಲ್ಲಿ ನೀರಿನ ಸದ್ದು ಬಂದರೇ ಚೆಂದ. ಪೈಪಿನಲ್ಲಿ ಬಂದರೆ ಅದು ದೋಷ. ತಂಬಾಕು ಉರಿಯುವಾಗ ನೀರಾವಿ ಹುಟ್ಟುತ್ತದೆ. ಎಲೆಯಲ್ಲಿದ್ದ ತೇವವೂ ಆವಿಯಾಗಿ ಅದರ ಜೊತೆ ಸೇರುತ್ತದೆ. ಬಿಸಿ ಹೊಗೆ ಶ್ಯಾಂಕ್‌ನ ತಣ್ಣನೆಯ ಗೋಡೆಗೆ ತಾಗಿದೊಡನೆ ಆ ಆವಿ ಹನಿಯಾಗುತ್ತದೆ. ಹನಿಗಳು ಕೊಳವೆಯ ತಗ್ಗಿನಲ್ಲಿ ನಿಂತಾಗ ಪ್ರತಿ ದಮ್ಮಿಗೂ ಅವುಗಳ ಮೂಲಕ ಗಾಳಿ ಹಾಯುತ್ತದೆ. ಅದೇ ಆ ಸದ್ದು.

ತಕ್ಷಣದ ಪರಿಹಾರ ಒಂದೇ: ಸ್ಟೆಮ್ ಕಳಚದೆ ಕ್ಲೀನರ್ ತೂರಿಸಿ, ಹತ್ತು ಸೆಕೆಂಡ್ ಬಿಟ್ಟು, ತೆಗೆಯಿರಿ. ನೀರನ್ನು ಅದು ಹೀರಿಕೊಳ್ಳುತ್ತದೆ. ಬಿಸಿ ಪೈಪಿನ ಸ್ಟೆಮ್ ಎಳೆದು ಕಳಚಿದರೆ ಟೆನನ್ ಮುರಿಯಬಹುದು, ಶ್ಯಾಂಕ್ ಸೀಳಬಹುದು. ಮುರಿದ ಪೈಪುಗಳಲ್ಲಿ ಬಹಳಷ್ಟು ಮುರಿಯುವುದು ಈ ಅವಸರದಲ್ಲೇ.

ಸದ್ದು ದಿನವೂ ಬರುತ್ತಿದ್ದರೆ ಮೊದಲು ತಂಬಾಕು ನೋಡಿ. ಡಬ್ಬಿಯಿಂದ ತೆಗೆದ ತಂಬಾಕು ಸಾಮಾನ್ಯವಾಗಿ ಸೇದಲು ಬೇಕಾದ್ದಕ್ಕಿಂತ ಒದ್ದೆಯಾಗಿರುತ್ತದೆ. ಚಿಟಿಕೆ ತೆಗೆದು ಎರಡು ಬೆರಳ ನಡುವೆ ಒತ್ತಿ ಬಿಡಿ. ಉಂಡೆಯಾಗಿ ಹಾಗೇ ಉಳಿದರೆ ಒದ್ದೆ. ಪುಡಿಯಾದರೆ ತೀರಾ ಒಣಗಿದೆ. ನಿಧಾನವಾಗಿ ಬಿಚ್ಚಿಕೊಂಡರೆ, ಮುಟ್ಟಿದಾಗ ಒಣಗಿದಂತಿದ್ದೂ ಮುರಿಯದಿದ್ದರೆ, ಅದೇ ಹದ. ತೂಕದಲ್ಲಿ ಹೇಳುವುದಾದರೆ ನೂರಕ್ಕೆ 12ರಿಂದ 14ರಷ್ಟು ತೇವ. ಒದ್ದೆ ಇದ್ದರೆ ಕಾಗದದ ಮೇಲೆ ತೆಳ್ಳಗೆ ಹರಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ, ಹದಿನೈದು ನಿಮಿಷಕ್ಕೊಮ್ಮೆ ಚಿಟಿಕೆ ಪರೀಕ್ಷೆ ಮಾಡಿ. ಊರು ಮತ್ತು ಕಾಲ ಇಲ್ಲಿ ತುಂಬ ಲೆಕ್ಕಕ್ಕೆ ಬರುತ್ತವೆ. ಏಪ್ರಿಲ್‌ನ ಕಲಬುರಗಿಯಲ್ಲಿ ಹತ್ತೇ ನಿಮಿಷಕ್ಕೆ ಎಲೆ ಪುಡಿಯಾಗಬಹುದು. ಜುಲೈ ತಿಂಗಳ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಹರಡಿಟ್ಟ ತಂಬಾಕು ಒಣಗುವ ಬದಲು ಗಾಳಿಯ ತೇವವನ್ನೇ ಕುಡಿಯುತ್ತದೆ. ಅಂಥಲ್ಲಿ ಮೇಜಿನ ದೀಪದ ಕೆಳಗೆ, ಬಲ್ಬಿನಿಂದ ಒಂದು ಗೇಣು ದೂರದಲ್ಲಿ ಇಟ್ಟು ಒಣಗಿಸಿ. ಇಂದಿನ ಎಲ್‌ಇಡಿ ಬಲ್ಬಿನಲ್ಲಿ ಶಾಖ ಸಾಲದು, ಹಳೆಯ ತಂತಿ ಬಲ್ಬೇ ಬೇಕು.

ಪರಿಮಳ ಹಾಕಿದ ಸಿಹಿ ತಂಬಾಕುಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿರುವುದುಂಟು. ತೇವ ಹಿಡಿದಿಡುವುದೇ ಅದರ ಕೆಲಸ. ಎಷ್ಟು ಹೊತ್ತು ಬಿಟ್ಟರೂ ಎಲೆ ಅಂಟಂಟಾಗಿಯೇ ಉಳಿದರೆ ಪೈಪನ್ನು ದೂರಬೇಡಿ, ತಂಬಾಕು ಬದಲಿಸಿ ನೋಡಿ.

ತಂಬಾಕು ಹದವಾಗಿದ್ದೂ ಸದ್ದು ನಿಲ್ಲದಿದ್ದರೆ ವೇಗ ತಗ್ಗಿಸಿ. ಜೋರಾಗಿ ಎಳೆದಷ್ಟೂ ಆವಿ ಹೆಚ್ಚು. ಆಮೇಲೆ ಎಂಜಲು. ಹಲ್ಲಲ್ಲಿ ಕಚ್ಚಿಕೊಂಡೇ ಇರುವವರ ಸ್ಟೆಮ್‌ಗೆ ಎಂಜಲು ಇಳಿಯುತ್ತದೆ, ಬಾಗಿದ ಪೈಪಿನಲ್ಲಿ ಇನ್ನೂ ಬೇಗ. ದಮ್ಮಿನ ನಡುವೆ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ಪ್ರತಿ ಬಾರಿ, ಪ್ರತಿ ತಂಬಾಕಿನಲ್ಲೂ ಅದೇ ಪೈಪು ಗೊರಗುಟ್ಟಿದರೆ ಆಗ ಮಾತ್ರ ಒಳಗಿನ ಅಳತೆ ನೋಡಿ. ವರ್ನಿಯರ್ ಕ್ಯಾಲಿಪರ್‌ನ ಹಿಂಬದಿಯ ಕಡ್ಡಿಯಿಂದ ಮಾರ್ಟಿಸ್‌ನ ಆಳ ಅಳೆಯಿರಿ, ಟೆನನ್‌ನ ಉದ್ದ ಅಳೆಯಿರಿ. ವ್ಯತ್ಯಾಸ 1 ಮಿಲಿಮೀಟರಿನೊಳಗಿದ್ದರೆ ಒಳ್ಳೆಯದು. 3–4 ಮಿಲಿಮೀಟರ್ ಇದ್ದರೆ ಅಲ್ಲೊಂದು ಪುಟ್ಟ ಬಾವಿ ಇದ್ದಂತೆ: ಕಿರಿದಾದ ದಾರಿಯಿಂದ ಬಂದ ಹೊಗೆ ಅಲ್ಲಿ ಒಮ್ಮೆಲೆ ಹರಡಿ, ವೇಗ ಕಳೆದುಕೊಂಡು, ತಣ್ಣಗಾಗಿ ನೀರು ಸುರಿಸುತ್ತದೆ. ಇದಕ್ಕೆ ಮದ್ದು ಉದ್ದ ಟೆನನ್ ಇರುವ ಹೊಸ ಸ್ಟೆಮ್. ಅದು ಪೈಪು ರಿಪೇರಿ ಬಲ್ಲವರ ಕೆಲಸ. ಒಂದು ವಿನಾಯಿತಿ: 9 ಮಿಲಿಮೀಟರ್ ಫಿಲ್ಟರ್ ಹಾಕುವಂತೆ ಮಾಡಿದ ಪೈಪಿನಲ್ಲಿ ಫಿಲ್ಟರ್ ಇಲ್ಲದೆ ಸೇದಿದರೂ ಇದೇ ಬಾವಿ ಉಂಟಾಗುತ್ತದೆ. ಫಿಲ್ಟರ್ ಹಾಕಿ, ಅಥವಾ ಆ ಜಾಗ ತುಂಬುವ ಅಡಾಪ್ಟರ್ ಹಾಕಿ.

ನಾಲಿಗೆ ಉರಿ

ಹೊಸಬರು ಪೈಪು ಮೂಲೆಗೆ ಇಡುವುದು ಹೆಚ್ಚಾಗಿ ಇದಕ್ಕೇ. ಉರಿಗೆ ಎರಡು ಬಗೆಯ ಕಾರಣ ಇರುವುದರಿಂದ ಅವನ್ನು ಬೇರ್ಪಡಿಸದೆ ಮದ್ದು ಹುಡುಕಬಾರದು.

ನಾಲಿಗೆ ಉರಿಯುವಾಗ ಬೌಲ್ ಮುಟ್ಟಿ ನೋಡಿ. ಬೌಲೂ ಸುಡುತ್ತಿದ್ದರೆ ಅದು ಶಾಖದ ಉರಿ, ಅಂದರೆ ಬಿಸಿ ಹಬೆಯಿಂದ ಆದದ್ದು. ಒಣ ಬಿಸಿಗಾಳಿಗಿಂತ ಹಬೆ ಎಷ್ಟು ಬೇಗ ಸುಡುತ್ತದೆ ಎಂದು ಇಡ್ಲಿ ಪಾತ್ರೆ ತೆರೆದವರಿಗೆಲ್ಲ ಗೊತ್ತು. ಒದ್ದೆ ತಂಬಾಕು ಆರದಿರಲೆಂದು ಮತ್ತೆ ಮತ್ತೆ ಜೋರಾಗಿ ಎಳೆಯುತ್ತೇವೆ, ಎಳೆದಷ್ಟೂ ಹಬೆ ಬರುತ್ತದೆ. ಮದ್ದು ಮೇಲೆ ಹೇಳಿದ್ದೇ: ಒಣಗಿಸಿ, ನಿಧಾನಿಸಿ. ಬಿಸಿ ಕಾಫಿಯನ್ನು ಗುಟುಕರಿಸುವಷ್ಟು ಮೆಲ್ಲಗೆ, ನಿಮಿಷಕ್ಕೆ ಎರಡು ಮೂರು ಸಲ ಎಳೆದರೆ ಸಾಕು. ನಿಧಾನವಾಗಿ ಸೇದುವ ಸ್ಪರ್ಧೆಗಳಲ್ಲಿ ಪ್ರತಿಯೊಬ್ಬರಿಗೂ ಸಿಗುವುದು 3 ಗ್ರಾಂ ತಂಬಾಕು, ಎರಡು ಬೆಂಕಿಕಡ್ಡಿ. ಪಳಗಿದವರು ಅಷ್ಟರಲ್ಲೇ ಒಂದು ಗಂಟೆ ದಾಟುತ್ತಾರೆ. ಕೆಂಡಕ್ಕೆ ಎಷ್ಟು ಕಡಿಮೆ ಗಾಳಿ ಸಾಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬೌಲ್ ಹಿತವಾಗಿ ಬೆಚ್ಚಗಿದ್ದೂ ನಾಲಿಗೆ ಚುರುಗುಟ್ಟಿದರೆ ಕಾರಣ ಎಲೆಯ ಗುಣ. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದ ಮಾಡುವ ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಹೆಚ್ಚು. ನಿಧಾನವಾಗಿ ಸೇದಿದರೆ ಸಿಹಿ, ಅವಸರಪಟ್ಟರೆ ಚುರುಕಾಗಿ ಉರಿದು ನಾಲಿಗೆ ಕಚ್ಚುತ್ತದೆ. ಸಿಗರೇಟಿಗೆಂದು ಬೆಳೆದ ಈ ಎಲೆಯನ್ನು ಪರಿಚಯದವರಿಂದ ತಂದು, ಸಣ್ಣಗೆ ಕತ್ತರಿಸಿ ನೇರವಾಗಿ ಪೈಪಿಗೆ ತುಂಬುವವರಿದ್ದಾರೆ. ಒತ್ತಿ ಮಾಗಿಸದ ಎಲೆ ಅದು, ಉರಿ ಖಂಡಿತ. ನೆರಳಲ್ಲಿ ಗಾಳಿಗೆ ಒಣಗಿಸಿದ ಬರ್ಲಿ ಎಲೆಯದು ಬೇರೆ ಕಥೆ. ಸಕ್ಕರೆ ಕಡಿಮೆ, ಹೊಗೆ ಕ್ಷಾರದ ಕಡೆಗೆ ವಾಲುತ್ತದೆ, ಕೆಲವರ ಬಾಯಿಗೆ ಅದೇ ಒಗ್ಗುವುದಿಲ್ಲ. ಒಂದು ವಾರ ಬೇರೆ ಜಾತಿಯ ಮಿಶ್ರಣ ಸೇದಿ ನೋಡಿದರೆ ಉತ್ತರ ಸಿಗುತ್ತದೆ.

ಉರಿ ನಾಲಿಗೆಯ ಒಂದೇ ಚುಕ್ಕೆಯಲ್ಲಿದ್ದರೆ ಸ್ಟೆಮ್‌ನ ಬಾಯಿ ನೋಡಿ. ಚೆನ್ನಾಗಿ ಮಾಡಿದ ಸ್ಟೆಮ್‌ನಲ್ಲಿ ತೂತು ತುದಿಗೆ ಬರುತ್ತ ಬೀಸಣಿಗೆಯಂತೆ ಅಗಲವಾಗಿ, ಸೀಳಾಗಿ ತೆರೆದುಕೊಳ್ಳುತ್ತದೆ. ಅಗ್ಗದ್ದರಲ್ಲಿ ದುಂಡು ತೂತು ಹಾಗೇ ಇದ್ದು ಹೊಗೆಯನ್ನು ಸೂಜಿಯಂತೆ ಒಂದೇ ಕಡೆ ಚುಚ್ಚುತ್ತದೆ. ಸ್ಟೆಮ್ ತುಸು ಓರೆಯಾಗಿ ಹಿಡಿಯುವುದು ತಾತ್ಕಾಲಿಕ ಉಪಾಯ.

ಉರಿ ಬಂದ ಮೇಲೆ ಪೂರ್ತಿ ಆರುವವರೆಗೆ ಪೈಪು ಬೇಡ. ತಣ್ಣನೆಯ ಮಜ್ಜಿಗೆ, ಮೊಸರು ಹಿತ. ಖಾರ, ಬಿಸಿ ಕಾಫಿ ಕೆಲವು ದಿನ ದೂರ ಇಡಿ. ನಿಲ್ಲಿಸಿದ ಮೇಲೆ ದಿನದಿನಕ್ಕೆ ಕಡಿಮೆಯಾಗುತ್ತ ಹೋಗುವುದು ಬರೀ ಉರಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಮರಗಟ್ಟಿದ ಜಾಗ, ನುಂಗಲು ತೊಂದರೆ ಇವುಗಳಲ್ಲಿ ಒಂದು ಕಂಡರೂ ದಂತವೈದ್ಯರಿಗೆ ಅಥವಾ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ನೋವಿಲ್ಲ ಎಂದು ಮುಂದೂಡಬೇಡಿ. ಸ್ಟೆಮ್ ದಿನವೂ ಕೂರುವ ತುಟಿಯ ಜಾಗವನ್ನೂ ಕನ್ನಡಿಯಲ್ಲಿ ನೋಡುತ್ತಿರಿ.

ಪದೇ ಪದೇ ಆರುವುದು

ಎರಡು ಮೂರು ಸಲ ಮತ್ತೆ ಹೊತ್ತಿಸುವುದು ದೋಷವಲ್ಲ. ಐದು ನಿಮಿಷಕ್ಕೊಮ್ಮೆ ಆರಿದರೆ ಮಾತ್ರ ನೋಡಬೇಕು. ಒದ್ದೆ ತಂಬಾಕು ಇಲ್ಲೂ ಮೊದಲ ಆರೋಪಿ. ಎರಡನೆಯದು ತುಂಬಿದ ರೀತಿ.

ತುಂಬುವುದು ಹೀಗೆ. ತಂಬಾಕನ್ನು ಒತ್ತದೆ ಬೌಲಿನ ಬಾಯಿವರೆಗೆ ಉದುರಿಸಿ, ಅರ್ಧಕ್ಕೆ ಇಳಿಯುವಷ್ಟು ಹಗುರವಾಗಿ ಒತ್ತಿ. ಮತ್ತೆ ತುಂಬಿ, ಮುಕ್ಕಾಲಿಗೆ ಇಳಿಯುವಂತೆ ಇನ್ನೊಂದಿಷ್ಟು ಬಲವಾಗಿ ಒತ್ತಿ. ಮೂರನೇ ಸಲ ತುಂಬಿ, ಅಂಚಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ನಿಲ್ಲುವಂತೆ ಗಟ್ಟಿಯಾಗಿ ಒತ್ತಿ. ಬೆರಳಿಟ್ಟರೆ ಸ್ಪಂಜಿನಂತೆ ಮೆತ್ತಗೆ ಮೇಲೇಳಬೇಕು. ಹೊತ್ತಿಸುವ ಮೊದಲು ಎಳೆದು ನೋಡಿ: ಎಳನೀರಿನ ಸ್ಟ್ರಾದಲ್ಲಿ ಎಳೆದಷ್ಟು ತಡೆ ಇದ್ದರೆ ಸರಿ. ಅದಕ್ಕಿಂತ ಬಿಗಿ ಇದ್ದರೆ ಸುರಿದು ಮತ್ತೆ ತುಂಬಿ. ಬಿಗಿಯಾಗಿ ತುಂಬಿದ್ದನ್ನು ಸೇದುತ್ತ ಸರಿಮಾಡಲು ಆಗುವುದಿಲ್ಲ.

ಕಡ್ಡಿ ಗೀರಿದ ಮೇಲೆ ಅದರ ಮದ್ದು ಪೂರ್ತಿ ಉರಿದುಹೋಗಲಿ, ಆಮೇಲೆ ಜ್ವಾಲೆಯನ್ನು ಮೇಲ್ಮೈ ಸುತ್ತ ಆಡಿಸುತ್ತ ಹಗುರವಾಗಿ ಎಳೆಯಿರಿ. ತಂಬಾಕು ಹೂವಿನಂತೆ ಅರಳಿ ಮೇಲೇಳುತ್ತದೆ, ಆರುತ್ತದೆ. ಅದು ಮೊದಲ ಸಲ ಹೊತ್ತಿಸಿದ್ದು, ಆರಲೇಬೇಕು. ಟ್ಯಾಂಪರ್ ಎಂಬ ತಂಬಾಕು ಒತ್ತುವ ಪುಟ್ಟ ಉಪಕರಣದಿಂದ ಮಟ್ಟ ಮಾಡಿ ಎರಡನೇ ಸಲ ಹೊತ್ತಿಸಿದ್ದೇ ನಿಜವಾದ ಬೆಂಕಿ. ಮುಂದೆ ನಡುನಡುವೆ ಟ್ಯಾಂಪರಿನ ಭಾರ ಮಾತ್ರ ಬೀಳುವಂತೆ ತಟ್ಟಿ. ಬೂದಿ ಮತ್ತು ಕೆಂಡದ ನಡುವೆ ಸಂದಿ ಬಿಟ್ಟರೆ ಆರುತ್ತದೆ, ಜೋರಾಗಿ ಒತ್ತಿದರೂ ಉಸಿರುಗಟ್ಟಿ ಆರುತ್ತದೆ. ನೀಲಿ ಜ್ವಾಲೆ ಊದುವ ಟಾರ್ಚ್ ಲೈಟರ್ ಪೈಪಿಗೆ ಬೇಡವೇ ಬೇಡ. ಅಂಚು ಸುಟ್ಟು ಕರಿಕಾಗುತ್ತದೆ.

ಪ್ರತಿ ಸಲ ತಳದಲ್ಲಿ ಒದ್ದೆ ಮುದ್ದೆ ಉಳಿಯುತ್ತಿದ್ದರೆ ಹೊಗೆ ತೂತು ಎಲ್ಲಿದೆ ನೋಡಿ. ಅದು ಬೌಲಿನ ತಳಕ್ಕೆ ಸರಿಯಾಗಿ ತೆರೆದಿರಬೇಕು. ಮೇಲೆ ಕೊರೆದಿದ್ದರೆ ಅದರ ಕೆಳಗಿನ ತಂಬಾಕಿಗೆ ಗಾಳಿಯೇ ಸಿಗುವುದಿಲ್ಲ. ಸಿಗಾರ್ ಬೂದಿಗೆ ಕೆಲವು ಹನಿ ನೀರು ಕಲಸಿ, ಗಟ್ಟಿ ಹಿಟ್ಟಿನ ಹದಕ್ಕೆ ತಂದು, ತೂತಿನ ಕೆಳಅಂಚಿನವರೆಗೆ ತಳ ಎತ್ತರಿಸಿ. ಮೆತ್ತುವಾಗ ತೂತಿನಲ್ಲಿ ಕ್ಲೀನರ್ ಇರಲಿ, ಇಲ್ಲದಿದ್ದರೆ ಅದೂ ಮುಚ್ಚಿಹೋಗುತ್ತದೆ. ಎರಡು ದಿನ ಒಣಗಿಸಿ.

ದಮ್ಮು ಬಿಗಿ

ತುಂಬಿದಾಗ ಮಾತ್ರ ಬಿಗಿ ಇದ್ದರೆ ಪುಡಿ ತೂತಿಗೆ ಅಡ್ಡ ಬಂದಿದೆ. ಡಬ್ಬಿಯ ತಳದ ಪುಡಿ ಹಾಕಬೇಡಿ, ತಳಕ್ಕೆ ಉದ್ದ ಎಳೆಗಳನ್ನು ಮೊದಲು ಬಿಡಿ. ಖಾಲಿ ಇದ್ದಾಗಲೂ ಬಿಗಿ ಇದ್ದರೆ ತಣ್ಣಗಿನ ಪೈಪಿನ ಸ್ಟೆಮ್ ಕಳಚಿ, ಸ್ಟೆಮ್ ಒಂದನ್ನೇ ಎಳೆದು ನೋಡಿ, ಶ್ಯಾಂಕ್ ಒಂದನ್ನೇ ಊದಿ ನೋಡಿ. ಯಾವುದರಲ್ಲಿ ತಡೆಯೋ ಅದನ್ನೇ ಶುಚಿ ಮಾಡಿ. ಶ್ಯಾಂಕ್‌ನ ಗಟ್ಟಿ ಕಿಟ್ಟಕ್ಕೆ ಆಲ್ಕೋಹಾಲಿನಲ್ಲಿ ಅದ್ದಿದ ಕ್ಲೀನರ್ ಸೋತರೆ 3.5 ಮಿಲಿಮೀಟರಿನ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಕಿಟ್ಟ ಸುರುಳಿಯಾಗಿ ಬರುತ್ತದೆ. ಮರದ ಪುಡಿ ಕಂಡ ಕ್ಷಣ ನಿಲ್ಲಿಸಿ. ಯಂತ್ರಕ್ಕೆ ಸಿಕ್ಕಿಸಬೇಡಿ.

ಕೊಳೆ ಇಲ್ಲದೆಯೂ ಬಿಗಿ ಎಂದರೆ ಕೊಳವೆಯೇ ಕಿರಿದು. ಹಿತವಾಗಿ ಸೇದಲು ಬರುವ ಪೈಪುಗಳಲ್ಲಿ ಶ್ಯಾಂಕ್‌ನ ತೂತು 3.5ರಿಂದ 4 ಮಿಲಿಮೀಟರ್. ಅಗ್ಗದ ಪೈಪುಗಳಲ್ಲಿ 3ಕ್ಕಿಂತ ಕಡಿಮೆ ಇರುವುದುಂಟು. ಅಗಲ ಮಾಡಿದರೆ ಪೈಪಿನ ಗುಣವೇ ಬದಲಾಗುತ್ತದೆ, ನಿಜ. ಆದರೆ ಕೋನ ಒಂದಿಷ್ಟು ತಪ್ಪಿದರೂ ಬೌಲಿನ ತಳ ತೂತಾಗುತ್ತದೆ. ಅನುಭವಿಗಳಿಗೇ ಕೊಡಿ.

ಬೌಲ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ

ಕೆನ್ನೆಗೆ ತಾಗಿಸಿ ಹಿಡಿದುಕೊಳ್ಳಲು ಆಗದಿದ್ದರೆ ತೀರಾ ಬಿಸಿ. ಕೆಳಗಿಡಿ, ಆರಲಿ, ಹತ್ತು ನಿಮಿಷದ ಮೇಲೆ ಮತ್ತೆ ಹೊತ್ತಿಸಿ. ಗಾಳಿಗೆ ಎದುರಾಗಿ ನಿಂತು ಸೇದಿದರೆ ನೀವು ಎಳೆಯದಿದ್ದರೂ ಗಾಳಿಯೇ ತಿದಿ ಒತ್ತುತ್ತದೆ. ಬೈಕಿನ ಮೇಲೆ, ಸಮುದ್ರದಂಡೆಯಲ್ಲಿ ಪೈಪು ಸುಟ್ಟುಹೋಗುವುದು ಹೀಗೆ. ಪೈಪು ಹೊಸದಾಗಿದ್ದರೆ ಮರದ ಮೇಲೆ ಇನ್ನೂ ಕರಿಪದರ ಕೂತಿರುವುದಿಲ್ಲ. ಮೊದಲ ಹತ್ತು ಹನ್ನೆರಡು ಸಲ ಅರ್ಧ ಬೌಲ್ ಮಾತ್ರ ತುಂಬಿ. ಗೋಡೆಯ ದಪ್ಪವನ್ನೂ ಅಳೆಯಿರಿ. 6–8 ಮಿಲಿಮೀಟರ್ ಇದ್ದರೆ ನೆಮ್ಮದಿ, 5ಕ್ಕಿಂತ ಕಡಿಮೆ ಇದ್ದರೆ ಅದು ಯಾವತ್ತೂ ನಿಧಾನ ಬೇಡುವ ಪೈಪು.

ಬಿಸಿ ಒಂದೇ ಚುಕ್ಕೆಯಲ್ಲಿದ್ದರೆ ಜಾಗ್ರತೆ. ಹೊರಮೈಯಲ್ಲಿ ಬಣ್ಣ ಕಪ್ಪಾಗುತ್ತ ಬಂದರೆ, ಪಾಲಿಶ್ ಗುಳ್ಳೆ ಎದ್ದರೆ, ಒಳಗೆ ಮರ ಕೆಂಡವಾಗಿ ತಿನ್ನುತ್ತಿದೆ ಎಂದರ್ಥ. ಆ ಕ್ಷಣವೇ ಬೆಂಕಿ ತೆಗೆದು ಖಾಲಿ ಮಾಡಿ. ತಣ್ಣಗಾದ ಮೇಲೆ ಒಳಗಿನ ಪದರ ಕೆರೆದು ಬೆಳಕಲ್ಲಿ ನೋಡಿ. ಒಂದೆರಡು ಮಿಲಿಮೀಟರಿನ ಗುಳಿಯಾದರೆ ಮೇಲೆ ಹೇಳಿದ ಬೂದಿ ಲೇಪ ತುಂಬಿ, ಎರಡು ದಿನ ಒಣಗಿಸಿ, ಅರ್ಧ ಬೌಲ್‌ನಿಂದ ಶುರು ಮಾಡಿದರೆ ಬಹಳ ವರ್ಷ ಬಾಳುತ್ತದೆ. ಆಳವಾಗಿದ್ದರೆ ಸೇದುವುದನ್ನು ನಿಲ್ಲಿಸಿ. ನೀರಿನ ಪೈಪಿಗೆ ಮೆತ್ತುವ ಎಪಾಕ್ಸಿಯನ್ನು ಬೌಲಿನ ಒಳಗೆ ಎಂದೂ ಹಚ್ಚಬಾರದು, ಕೆಂಡದ ಶಾಖಕ್ಕೆ ಅದರಿಂದ ವಿಷದ ಹೊಗೆ ಏಳುತ್ತದೆ.

ಕಹಿ, ಹುಳಿ, ಹಳಸಿದ ವಾಸನೆ

ಹಳೆಯ ಪೈಪು ಇದ್ದಕ್ಕಿದ್ದಂತೆ ಹುಳಿಯಾದರೆ ಅದು ವಿಶ್ರಾಂತಿ ಕೇಳುತ್ತಿದೆ. ಪ್ರತಿ ಸಲ ಸೇದಿದ ಮೇಲೆ ಮರ ಕುಡಿದ ತೇವ ಆರಲು ಕನಿಷ್ಠ 24 ಗಂಟೆ ಬೇಕು. ಮಳೆಗಾಲದಲ್ಲಿ ಎರಡು ಮೂರು ದಿನ. ಒಂದೇ ಪೈಪನ್ನು ದಿನಕ್ಕೆ ಮೂರು ಸಲ ಸೇದುವವರಿಗೆ ಯಾವ ಮದ್ದೂ ನಾಟುವುದಿಲ್ಲ. ಇನ್ನೊಂದು ಪೈಪು ಬೇಕೇ ಬೇಕು. ಅಗ್ಗದ ಮೆಕ್ಕೆಜೋಳದ ದಿಂಡಿನ ಪೈಪೂ ಆದೀತು; ಅಮೆರಿಕದ ಮಿಸೌರಿಯಲ್ಲಿ 1869ರಿಂದ ಅವನ್ನು ಮಾಡುತ್ತಿದ್ದಾರೆ, ಒಣ ಹೊಗೆಯಲ್ಲಿ ದುಬಾರಿ ಬ್ರಯರ್‌ಗೆ ಸಾಟಿ ನಿಲ್ಲುತ್ತವೆ.

ವಿಶ್ರಾಂತಿಯಿಂದ ಹೋಗದಿದ್ದರೆ ಹತ್ತಿ ಮತ್ತು ಆಲ್ಕೋಹಾಲ್. ಬೌಲಿಗೆ ಹತ್ತಿ ತುಂಬಿ, ಶ್ಯಾಂಕ್ ಕೊಳವೆಗೆ ಹತ್ತಿಯ ಬತ್ತಿ ತೂರಿಸಿ, ಡ್ರಾಪರಿನಿಂದ 5–6 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ವೋಡ್ಕಾ ಬಿಡಿ. ಹೊರಮೈಗೆ ಚೆಲ್ಲಬಾರದು, ಅರಗಿನ ಪಾಲಿಶ್ ಕರಗುತ್ತದೆ. ರಾತ್ರಿ ಕಳೆದು ನೋಡಿದರೆ ಹತ್ತಿ ಕಂದಾಗಿರುತ್ತದೆ. ಹತ್ತಿ ಬೆಳ್ಳಗೆ ಬರುವವರೆಗೆ ಮತ್ತೆ ಮಾಡಿ. ಹತ್ತಿಯ ಬದಲು ಕಲ್ಲುಪ್ಪು ತುಂಬುವ ಹಳೆಯ ಪದ್ಧತಿ ಇದೆ. ಶ್ಯಾಂಕ್‌ಗೆ ಉಪ್ಪು ಇಳಿದರೆ ಮರ ಬಿರಿಯುವ ಭಯವಿರುವುದರಿಂದ ಹತ್ತಿಯೇ ವಾಸಿ.

ಇಲ್ಲಿ ಎಚ್ಚರ ಬೇಕಾದದ್ದು ಮೂರು. ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್‌ಗೆಂದು ಮಾರುವ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು, ಅದು ಕಣ್ಣು ಕಳೆಯುವ ವಿಷ. ಬಾಯಿಗಿಡುವ ವಸ್ತುವಿಗೆ ಮುಟ್ಟಿಸಬೇಡಿ. ಆಲ್ಕೋಹಾಲ್ ಹಾಕಿದ ಪೈಪನ್ನು ಎರಡು ಮೂರು ದಿನ ಒಣಗಿಸದೆ, ವಾಸನೆ ಪೂರ್ತಿ ಹೋಗದೆ ಹೊತ್ತಿಸಬೇಡಿ. ಅಕ್ರಿಲಿಕ್ ಸ್ಟೆಮ್‌ಗೆ ಆಲ್ಕೋಹಾಲ್ ಬೇಡ, ಒಳಗೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಸೋಪಿನ ನೀರು ಸಾಕು. ಟರ್ಕಿಯ ಎಸ್ಕಿಶೆಹಿರ್‌ನಿಂದ ಬರುವ ಮೀರ್‌ಶಾಮ್ ಎಂಬ ಮೆದು ಬಿಳಿ ಖನಿಜದ ಪೈಪಿಗೂ ಈ ಹತ್ತಿ ಪದ್ಧತಿ ಸಲ್ಲದು.

ಹೊಸ ಪೈಪು ಕಹಿ ಇದ್ದರೆ ಮೊದಲ ಹತ್ತು ಹದಿನೈದು ಸಲ ಕಾಯಿರಿ. ಬ್ರಯರ್ ಎಂಬುದು ಮೆಡಿಟರೇನಿಯನ್ ತೀರದ ಎರಿಕಾ ಆರ್ಬೋರಿಯಾ ಪೊದೆಯ ಬುಡದಲ್ಲಿ ಬೆಳೆಯುವ ಗಂಟು. ಅದನ್ನು ಕತ್ತರಿಸಿ, ಗಂಟೆಗಟ್ಟಲೆ ನೀರಲ್ಲಿ ಕುದಿಸಿ ಒಗರು ಬಸಿದು, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಇದರಲ್ಲಿ ಅವಸರ ಮಾಡಿದ ಮರದ ಕಹಿ ಸೇದುತ್ತ ಸೇದುತ್ತ ಕಡಿಮೆಯಾಗಬೇಕು. ಆಗದಿದ್ದರೆ ಆ ಪೈಪಿನ ಮೇಲೆ ಹೆಚ್ಚು ಹಣ ಸುರಿಯಬೇಡಿ.

ಮಳೆಗಾಲದಲ್ಲಿ ಡಬ್ಬಿಯ ತಂಬಾಕಿನ ಮೇಲೆ ಹತ್ತಿಯಂಥ ಬಿಳಿ ಅಥವಾ ಹಸಿರು ನೂಲು ಕಂಡರೆ ಅದು ಬೂಸಲು. ಡಬ್ಬಿಯನ್ನೇ ಎಸೆಯಿರಿ, ಮೇಲಿನದನ್ನು ತೆಗೆದು ಉಳಿದದ್ದನ್ನು ಸೇದುವುದು ಸರಿಯಲ್ಲ. ಮಾಗಿದ ಎಲೆಯ ಮೇಲೆ ಹೊಳೆಯುವ ಸಣ್ಣ ಹರಳುಗಳು ಬೇರೆ, ಅವು ಬೂಸಲಲ್ಲ.

ಬೌಲಿನ ಬಾಯಿ ದಿನದಿನಕ್ಕೆ ಕಿರಿದಾಗುತ್ತಿದೆ

ಒಳಗೋಡೆಗೆ ಕೂರುವ ಕರಿಪದರಕ್ಕೆ ಕೇಕ್ ಎನ್ನುತ್ತಾರೆ. ಮರವನ್ನು ಕಾಯುವುದೇ ಅದು, ಆದರೆ 1ರಿಂದ 1.5 ಮಿಲಿಮೀಟರ್, ಅಂದರೆ ಒಂದು ರೂಪಾಯಿ ನಾಣ್ಯದ ದಪ್ಪ ಸಾಕು. ಬೆಳೆಯಲು ಬಿಟ್ಟರೆ ಶಾಖಕ್ಕೆ ಕೇಕ್ ಹಿಗ್ಗುವ ಪ್ರಮಾಣವೂ ಮರ ಹಿಗ್ಗುವ ಪ್ರಮಾಣವೂ ಬೇರೆಯಾಗಿ ಬೌಲ್ ಸೀಳುತ್ತದೆ. ಕೇಕ್ ಕೆರೆಯುವ ರೀಮರ್ ಇಲ್ಲದಿದ್ದರೆ 150 ನಂಬರಿನ ಉಪ್ಪುಕಾಗದವನ್ನು ದುಂಡು ಕಡ್ಡಿಗೆ ಸುತ್ತಿ ಸಮನಾಗಿ ಉಜ್ಜಿ. ಮೊನಚು ಚಾಕು ಬೇಡ. ಮರ ಕಾಣುವವರೆಗೆ ಕೆರೆಯಬೇಡಿ. ಮೀರ್‌ಶಾಮ್‌ನಲ್ಲಿ ಮಾತ್ರ ಕೇಕ್ ಬೆಳೆಯಲು ಬಿಡಲೇಬಾರದು, ಪ್ರತಿ ಸಲ ಬಟ್ಟೆಯಲ್ಲಿ ಒರೆಸಿ.

ಸ್ಟೆಮ್‌ನ ತೊಂದರೆಗಳು

ಸಿಕ್ಕಿಕೊಂಡಿದ್ದರೆ ಬಲ ಹಾಕಬೇಡಿ. ಮಳೆಗಾಲಕ್ಕೆ ಮರ ಉಬ್ಬಿರುತ್ತದೆ, ಜೊತೆಗೆ ಒಳಗೆ ಕಿಟ್ಟದ ಅಂಟು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ 20–30 ನಿಮಿಷ ಇಡಿ. ರಬ್ಬರಿನ ಟೆನನ್ ಮರಕ್ಕಿಂತ ಹೆಚ್ಚು ಕುಗ್ಗುತ್ತದೆ. ಆಮೇಲೆ ಬೌಲನ್ನಲ್ಲ, ಶ್ಯಾಂಕನ್ನು ಹಿಡಿದು, ಒಂದೇ ದಿಕ್ಕಿಗೆ ತಿರುಗಿಸುತ್ತ ಎಳೆಯಿರಿ.

ಸಡಿಲವಾಗಿದ್ದರೆ, ಬೇಸಗೆಯಲ್ಲಿ ಅದು ಸಹಜ. ನಾಲ್ಕು ಸಲ ಸೇದಿದರೆ ತಾನೇ ಬಿಗಿಯಾಗಬಹುದು. ಆಗದಿದ್ದರೆ ಟೆನನ್‌ಗೆ ಜೇನುಮೇಣವನ್ನು ತೆಳ್ಳಗೆ ಸವರಿ. ಟೆನನ್ ಕಾಯಿಸಿ ಹಿಗ್ಗಿಸುವ ವಿಧಾನ ಬಲ್ಲವರ ಕೈಗೆ ಸರಿ, ಮೊದಲ ಸಲ ಮಾಡುವವರು ಸುಟ್ಟೇ ಬಿಡುತ್ತಾರೆ.

ಎಬೊನೈಟ್ ಸ್ಟೆಮ್ ಹಸಿರುಗಂದಾಗಿ ಗಂಧಕದ ರುಚಿ ಕೊಟ್ಟರೆ ಬಿಸಿಲಿಗೆ ಮತ್ತು ಎಂಜಲಿಗೆ ರಬ್ಬರಿನೊಳಗಿನ ಗಂಧಕ ಮೇಲೆ ಬಂದಿದೆ. 600 ನಂಬರಿನ ನೀರು ಕಾಗದ, ಆಮೇಲೆ 1500, 2500, ಎಲ್ಲವನ್ನೂ ಒದ್ದೆ ಮಾಡಿ ಉಜ್ಜಿ, ಕೊನೆಗೆ ಬಿಳಿ ಟೂತ್‌ಪೇಸ್ಟ್‌ನಿಂದ ಹೊಳಪು ಕೊಡಿ. ಮುಂದೆ ಕಿಟಕಿಯ ಬಳಿ ಇಡಬೇಡಿ.

ತಲೆ ಸುತ್ತು, ಬೆವರು, ವಾಕರಿಕೆ

ಇದು ಪೈಪಿನ ದೋಷವಲ್ಲ, ನಿಕೋಟಿನ್ ಹೆಚ್ಚಾದದ್ದು. ಬಾಯಿಯ ಒಳಚರ್ಮವೇ ಅದನ್ನು ಹೀರಿಕೊಳ್ಳುತ್ತದೆ. ತಕ್ಷಣ ನಿಲ್ಲಿಸಿ, ಗಾಳಿಯಲ್ಲಿ ಕೂತು ನೀರು ಕುಡಿಯಿರಿ. ವಾಂತಿ ನಿಲ್ಲದಿದ್ದರೆ, ಎದೆ ಡವಗುಟ್ಟಿದರೆ, ಪ್ರಜ್ಞೆ ಮಂಕಾದರೆ ಆಸ್ಪತ್ರೆಗೆ ಹೋಗಿ. ಮಗು ಅಥವಾ ನಾಯಿ ತಂಬಾಕು ತಿಂದರೆ ವಾಂತಿ ಮಾಡಿಸಲು ಹೋಗದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಡಬ್ಬಿಯಷ್ಟೇ ಅಲ್ಲ, ಸೇದಿ ಉಳಿದ ಮುದ್ದೆಯೂ ಮಕ್ಕಳ ಕೈಗೆ ಎಟುಕಬಾರದು.

ಬಿರುಕು ಕಂಡಾಗ

ಬೌಲಿನ ಮೈಮೇಲಿನ ಗೆರೆಗಳೆಲ್ಲ ಬಿರುಕಲ್ಲ, ಬ್ರಯರ್‌ನಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳಿರುತ್ತವೆ. ಕೇಕ್ ಕೆರೆದು, ಕತ್ತಲ ಕೋಣೆಯಲ್ಲಿ ಬೌಲಿನೊಳಗೆ ಸಣ್ಣ ಟಾರ್ಚ್ ಬಿಟ್ಟು ಹೊರಗಿನಿಂದ ನೋಡಿ. ಬೆಳಕಿನ ಗೆರೆ ಕಂಡರೆ ಗೋಡೆ ಆರಪಾರ ಸೀಳಿದೆ, ಆ ಪೈಪನ್ನು ಹೊತ್ತಿಸಬಾರದು. ಬೆಳಕು ಬಾರದೆ, ಒಳಗೋಡೆಯಲ್ಲೂ ಅದೇ ಜಾಗದಲ್ಲಿ ಗೆರೆ ಇಲ್ಲದಿದ್ದರೆ ಮೇಲ್ಮೈ ಸೀಳು. ಉಗುರಿನಿಂದ ಅದರ ಎರಡೂ ತುದಿಗೆ ಗುರುತು ಮಾಡಿಟ್ಟು ತಿಂಗಳು ಕಳೆದು ನೋಡಿ. ಉದ್ದವಾಗಿದ್ದರೆ ಮಾತ್ರ ಚಿಂತೆ.

ಶ್ಯಾಂಕ್‌ನ ಬಿರುಕಿಗೆ ಒಳ್ಳೆಯ ಮದ್ದು ಇದೆ. ಬಿರುಕು ಕೊನೆಯಾಗುವ ಜಾಗದಲ್ಲಿ 1 ಮಿಲಿಮೀಟರಿನ ಕುಳಿ ಕೊರೆದರೆ ಅದು ಮುಂದೆ ಓಡುವುದಿಲ್ಲ. ಆಮೇಲೆ ಸಂದಿಗೆ ತೆಳು ಅಂಟು ಇಳಿಸಿ, ಶ್ಯಾಂಕ್‌ನ ತುದಿಗೆ ಬಿಗಿಯಾದ ಬೆಳ್ಳಿ ಪಟ್ಟಿ ತೊಡಿಸಬೇಕು. ಪಟ್ಟಿಯ ಕೆಲಸಕ್ಕೆ ಪೈಪು ರಿಪೇರಿ ಮಾಡುವವರೇ ಬೇಕಿಲ್ಲ, ಕೈ ಪಳಗಿದ ಅಕ್ಕಸಾಲಿಗರಾದರೂ ಸಾಕು. ಸ್ಟೆಮ್ ಕಳಚಿ ಮರದ ಭಾಗ ಮಾತ್ರ ಕೊಡಿ, ಶ್ಯಾಂಕ್‌ನ, ಹೊರಗಿನ ವ್ಯಾಸವನ್ನು ಮಳೆಗಾಲದಲ್ಲಲ್ಲದೆ ಮರ ಒಣಗಿರುವ ಫೆಬ್ರವರಿ–ಮಾರ್ಚ್‌ನಲ್ಲಿ ಅಳೆಯಲು ಹೇಳಿ. ಉಬ್ಬಿದ ಮರಕ್ಕೆ ಅಳತೆ ಮಾಡಿದ ಪಟ್ಟಿ ಬೇಸಗೆಗೆ ಕಳಚಿ ಬೀಳುತ್ತದೆ.